ದುಂಡವ್ವನ ಜೊತೆಗಾತಿಯರು

ನಿಪ್ಪಾಣಿಯ ಆ ಬೀಡಿ ಶೆಡ್ಡಿನಲ್ಲಿ ಉರಿಬಿಸಿಲಿನ ಚೈತ್ರದಲ್ಲೂ ಮುಂಗೈವರೆಗೆ ಮುಚ್ಚುವ ಕುಪ್ಪಸ ತೊಡುತ್ತಿದ್ದವಳು ದುಂಡವ್ವ ಒಬ್ಬಳೇ. ‘ಕಾಲೇಜ ಬಾಯಾರು ಬಂದ್ರು’ ಎಂದು ಉಳಿದವರು ಕಾಡಿದರೆ ಅವಳೂ ನಕ್ಕು ಎಲೆ-ತಂಬಾಕಿನ ಮೊರ ಎಳೆದುಕೊಂಡು ಬೀಡಿ ಸುತ್ತಲು ಕೂರುತ್ತಿದ್ದಳು. ಆ ತೋಳಿನೊಳಗೆ ಹೊಟ್ಟೇಳುವ ಕೆಂಪು ಕಲೆಗಳಿದ್ದದ್ದು ಗಂಡ ಭರಮುವಿಗೆ ಮಾತ್ರ ಗೊತ್ತು. ಶೆಡ್ಡಿನ ಮೇಲ್ವಿಚಾರಣೆಯ ಮುಕಾದಮ ಅಣ್ಣಾಸಾಬನ ಕಣ್ಣಿಗೆ ಬಿದ್ದಿದ್ದರೆ ಅಂದೇ ಅವಳ ಮೊರ ಹೊರಗೆ. ಬೀಡಿ ಬಾಯಿಗಿಡುವ ವಸ್ತು, ಮೈಮೇಲೆ ಕಲೆ ಇದ್ದವಳು ಸುತ್ತಿದರೆ ಯಾರು ಸೇದಬೇಕು ಎಂಬುದು ಅವನ ವಾದ. ರೋಗ ಅಂಟುತ್ತದೋ ಇಲ್ಲವೋ ಎಂದು ಕೇಳುವ ಗೋಜಿಗೆ ಆ ಮಹಾಶಯ ಹೋದವನಲ್ಲ.

ಕಲೆ ಮುಚ್ಚಬಹುದು, ಬೆರಳು ಮುಚ್ಚುವುದು ಹೇಗೆ? ಮೊದಲು ಒಂದು ಬೆರಳು ಎಳೆ ಬಾಳೆಕಾಯಿಯಂತೆ ಬಾತಿತು. ವರ್ಷಗಳು ಕಳೆದಂತೆ ಬಲಗೈಯ ಎರಡು ಬೆರಳು ಕೊಕ್ಕೆಯಾಗಿ ಹಾಗೇ ನಿಂತವು. ಉಳಿದವುಗಳಲ್ಲೇ ಎಲೆ ಸುತ್ತಿ, ದಾರ ಕಟ್ಟಿ ಹೊಟ್ಟೆ ಹೊರೆಯುತ್ತಿದ್ದಳು.

೧೯೮೬ರ ಬೇಸಿಗೆಯಲ್ಲಿ ಮಿರಜದ ದವಾಖಾನೆಯಿಂದ ಡಾಕ್ಟರ್ ಜಯಪಾಲ ಶೆಡ್ಡಿಗೆ ಬಂದರು. ಉಗಾರದ ಕಡೆಯವರು, ಕೀಲುಬೇನೆಯವರನ್ನು ನೋಡುತ್ತ ತಾಲೂಕು ತಾಲೂಕು ತಿರುಗುತ್ತಿದ್ದರು. ಪಾಪ, ಒಳ್ಳೆಯ ಮನುಷ್ಯ. ಆದರೆ ಸಾಲು ನೋಡಿಕೊಳ್ಳಲು ಅಣ್ಣಾಸಾಬನನ್ನೇ ಮಗ್ಗುಲಿಗೆ ನಿಲ್ಲಿಸಿಕೊಂಡಿದ್ದರು. ಬೆಕ್ಕನ್ನು ಪಕ್ಕದಲ್ಲಿಟ್ಟುಕೊಂಡು ಇಲಿಗಳ ಕಷ್ಟ ಕೇಳಿದ ಹಾಗೆ.

“ಮೈಮ್ಯಾಲೆ ಎಲ್ಲೆರ ಹೊಟ್ಟೇಳತೈತೇನ್ರಿ?” ಎಂದು ಅವರು ಕೇಳಿದರೆ ಪ್ರತಿಯೊಬ್ಬಳೂ “ಏನಿಲ್ರಿ” ಅನ್ನುವವಳೇ. ದುಂಡವ್ವನೂ ಹಾಗೇ ಅಂದು ಪಕ್ಕಕ್ಕೆ ಸರಿದಳು.

ಡಾಕ್ಟರಿಗೆ ಸೋಜಿಗ. “ಅಥಣಿ, ರಾಯಬಾಗ ಕಡೆ ಬೆರಳ ಹಿಂಗ ಬಾತವರಿಗೆ ಚರ್ಮದ ಬ್ಯಾನಿನೂ ಇರತೈತಿ. ಸೋರಿಯಾಸಿಸ್ ಅಂತಾರ, ಅದಕ್ಕ ಔಷಧನ ಬ್ಯಾರೆ. ನಿಪ್ಪಾಣ್ಯಾಗ ಒಬ್ಬರಿಗೂ ಇಲ್ಲ. ಇಲ್ಲಿ ವಾತನ ಬ್ಯಾರೆ ಕಾಣತೈತಿ,” ಎಂದವರು, ಮುಂದೆ ಬಂದ ಅಕ್ಕವ್ವನಿಗೆ ನೋವಿನ ಗುಳಿಗೆ ಕೊಟ್ಟು, ಬರುವ ವರ್ಷ ಮತ್ತೆ ತೋರಿಸು ಅಂದರು.

ಅಕ್ಕವ್ವ ಭೋಜದಿಂದ ಹೊಸದಾಗಿ ಸೊಸೆಯಾಗಿ ಬಂದ ಹುಡುಗಿ. ಅವಳದೂ ಒಂದು ಬೆರಳು ಬಾತಿತ್ತು. ಅವಳ ಸೆರಗು ಜಾರಿದಾಗೊಮ್ಮೆ ಕೂದಲಂಚಿನಲ್ಲಿ ತನ್ನಂಥವೇ ಕಲೆಗಳನ್ನು ದುಂಡವ್ವ ಕಂಡಿದ್ದಳು. ಸರಿಯಾದ ಔಷಧವಿಲ್ಲದೆ ಬಿಟ್ಟರೆ ಆ ಕೈ ಏನಾದೀತೆಂದು ತಿಳಿಯಲು ತನ್ನ ಕೈ ನೋಡಿಕೊಂಡರೆ ಸಾಕಿತ್ತು. ಹುಡುಗಿಯ ಗುಟ್ಟು ಹೇಳಿದರೆ ಅವಳ ಅನ್ನ ಹೋಗುತ್ತದೆ, ಹೇಳದಿದ್ದರೆ ಕೈ ಹೋಗುತ್ತದೆ. ದುಂಡವ್ವ ತಿರುಗಿ ಡಾಕ್ಟರ ಮುಂದೆ ಹೋಗಿ ಕುಪ್ಪಸದ ತೋಳು ಮೇಲಕ್ಕೆ ಸರಿಸಿದಳು.

“ನಾ ಸುಳ್ಳ ಹೇಳಿದ್ನಿರಿ, ಸಾಹೇಬ್ರ. ನೋಡ್ರಿ.”

ಡಾಕ್ಟರು ಆ ಕೈಯನ್ನು ಬರಿಗೈಯಲ್ಲೇ ಹಿಡಿದು, ಇದು ಅಂಟುವ ರೋಗವಲ್ಲವೆಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಅಣ್ಣಾಸಾಬ ತಲೆ ಅಲ್ಲಾಡಿಸಿದ. “ಅದು ನಿಮಗ ಗೊತ್ತೈತ್ರಿ. ಬೀಡಿ ಸೇದವರಿಗೆ ಯಾರ ಹೇಳಬೇಕ್ರಿ? ದುಂಡವ್ವ, ನಾಳಿಂದ ಬರಬ್ಯಾಡ.”

ತಾನೂ ತೋರಿಸಲೆಂದು ಅಕ್ಕವ್ವನ ಕೈ ತನ್ನ ತಲೆಯ ಸೆರಗಿಗೆ ಹೋಯಿತು. ದುಂಡವ್ವ ತಟ್ಟನೆ ಆ ಕೈಯನ್ನು ಹಿಡಿದುಬಿಟ್ಟಳು. “ಮಿರಜಿಗೆ ಬರತೇನ್ರಿ, ಸಾಹೇಬ್ರ. ಒಬ್ಬಾಕಿಗೆ ಬಸ್ ಹತ್ತಾಕ ಆಗೂದಿಲ್ಲ. ಈ ಹುಡಿಗಿನ್ನ ಜೋಡಿಗೆ ಕರ್ಕೊಂಡ ಬರತೇನಿ.”

ಮಿರಜದಲ್ಲಿ ಡಾಕ್ಟರ ಕೋಣೆಯ ಬಾಗಿಲು ಹಾಕಿದ ಮೇಲೆ ಜೊತೆಗೆ ಬಂದವಳು ಸೆರಗು ತೆಗೆದಳು. ನಿಪ್ಪಾಣಿಯಲ್ಲಿ ಇಲ್ಲದ ರೋಗ ಎಲ್ಲಿ ಅಡಗಿತ್ತೆಂದು ಡಾಕ್ಟರಿಗೆ ಆಗ ತಿಳಿಯಿತು. ಅಕ್ಕವ್ವನ ಬೆರಳೂ ಉಳಿಯಿತು, ಶೆಡ್ಡಿನ ಜಾಗವೂ ಉಳಿಯಿತು.

ಮುಂದಿನ ಸಲ ಜೊತೆಗೆ ಅದೇ ಶೆಡ್ಡಿನಲ್ಲಿ ಕಲೆ ಮುಚ್ಚಿಕೊಂಡಿದ್ದ ಚನ್ನವ್ವ ಬಂದಳು, ಆಮೇಲೆ ಶಿವಗಂಗವ್ವ. ಎಲ್ಲರ ಗುಳಿಗೆಯೂ ದುಂಡವ್ವನ ಚೀಲದಲ್ಲೇ ಊರಿಗೆ ಬರುತ್ತಿತ್ತು. ‘ಈಕಿದೇನ ದೊಡ್ಡಸ್ತಿಕಿ, ದವಾಖಾನಿಗೆ ಹೋಗಾಕ ತಿಂಗಳಿಗೊಬ್ಬಾಕಿ ಬೇಕು’ ಎಂದು ಓಣಿ ಆಡಿಕೊಂಡಿತು. ಆಡಿಕೊಳ್ಳಲಿ ಎಂದು ಅವಳು ಮುಂದಿನ ತಿಂಗಳು ಇನ್ನೊಬ್ಬಳನ್ನು ಜೊತೆಗೆ ಕರೆದಳು. ಶೆಡ್ಡಿನ ಮೆಟ್ಟಿಲನ್ನು ಅವಳು ಮತ್ತೆ ಹತ್ತಲಿಲ್ಲ, ಭರಮುವಿನ ಎತ್ತಿನ ಚಕ್ಕಡಿಯ ದುಡಿಮೆಯಲ್ಲೇ ಮನೆ ನಡೆಯಿತು. ಇಂಥವಳಿಗೆ ಕೈ ಮುಗಿಯದೆ ಇನ್ನಾರಿಗೆ ಮುಗಿಯಬೇಕು ಹೇಳಿ.

ತೊಂಬತ್ಮೂರರಲ್ಲಿ ಒಂದು ದಿನ ಡಾಕ್ಟರು ಅವಳ ಮೊಣಕೈ ತಿರುಗಿಸಿ ನೋಡಿ ಸಂತೋಷಪಟ್ಟರು. “ಬ್ಯಾನಿ ಹತೋಟಿಗೆ ಬಂದೈತಿ, ದುಂಡವ್ವ. ಇನ್ನ ತಿಂಗಳಾ ತಿಂಗಳಾ ಬರೂದು ಬ್ಯಾಡ್ರಿ.”

ದುಂಡವ್ವ ಬಾಗಿಲ ಕಡೆ ನೋಡಿದಳು. ಅಂದು ಹೊಸದಾಗಿ ಜೊತೆಗೆ ಬಂದವಳು ತಲೆ ತಗ್ಗಿಸಿ ಬೆಂಚಿನ ಮೇಲೆ ಕುಳಿತಿದ್ದಳು.

“ಹಂಗಂತ ಹೊರಗ ಯಾರ ಮುಂದೂ ಅನಬ್ಯಾಡ್ರಿ, ಸಾಹೇಬ್ರ,” ಎಂದಳು ದನಿ ತಗ್ಗಿಸಿ. “ನಾ ಆರಾಮ ಆದ್ರ ಇವರೆಲ್ಲಾ ಯಾರ ಜೋಡಿ ಬರಬೇಕು?”