ಚೀಟಿ ನೋಡಿ ಹೇಳಿದ ಹೆಸರು

ಬೆಳಗಿನ ಪೂಜೆ ಮುಗಿಸಿ ಅಡುಗೆಮನೆ ಬಾಗಿಲಲ್ಲಿ ನಿಂತು ಕಾಫಿ ಕೇಳಿದೆ. ಬಾಯಿಂದ ಬಂದದ್ದು ‘ಚಪ್ಪಲಿ’. ನನ್ನ ಹೆಂಡತಿ ಶಾರದೆ ಹೊರಗೆ ಹೋಗಿ ನೋಡಿ ಬಂದಳು. “ಅಲ್ಲೇ ಇದೆಯಲ್ರೀ” ಅಂದಳು. ಸಿಟ್ಟು ನೆತ್ತಿಗೇರಿತು. ಬೈಯೋಣವೆಂದರೆ ಅದಕ್ಕೂ ಮಾತು ಹೊರಡಲಿಲ್ಲ. ಬಲಗೈಯಲ್ಲಿದ್ದ ಪಂಚಪಾತ್ರೆ ಜಾರಿ ಬಿತ್ತು.

ಆಗ ಅವಳು ನನ್ನ ಮುಖ ನೋಡಿದಳು.

ಹೊಳೆನರಸೀಪುರದಿಂದ ಹಾಸನಕ್ಕೆ ಪಕ್ಕದ ಮನೆಯವರ ಕಾರಿನಲ್ಲಿ ಕರೆದೊಯ್ದರು. ಸಿಟಿ ಸ್ಕ್ಯಾನ್ ಆಯಿತು. ಇಂಜೆಕ್ಷನ್ ಕೊಟ್ಟರು. ಡಾಕ್ಟರು ಶಾರದೆಗೆ ಹೇಳುತ್ತಿದ್ದುದು ನನಗೆ ಚೆನ್ನಾಗಿಯೇ ಕೇಳಿಸುತ್ತಿತ್ತು. “ಸ್ಟ್ರೋಕ್ ಆಗಿದೆಯಮ್ಮ. ಮಾತಿನ ಭಾಗಕ್ಕೆ ಪೆಟ್ಟಾಗಿದೆ. ಅಫೇಸಿಯಾ ಅಂತೀವಿ. ಬುದ್ಧಿ ಸರಿಯಾಗೇ ಇದೆ, ಮಾತು ಸಿಕ್ತಿಲ್ಲ ಅಷ್ಟೆ.” ಅಷ್ಟೆಯಂತೆ! ಮೂವತ್ತೈದು ವರ್ಷ ಬಾಯಿಂದಲೇ ಬದುಕಿದ ಪುರೋಹಿತನ ಮುಂದೆ ನಿಂತು ಅಷ್ಟೆ ಅನ್ನುತ್ತಾನಲ್ಲ ಮಹಾರಾಯ.

ನಾಲ್ಕನೆಯ ಬೆಳಿಗ್ಗೆ ವಾರ್ಡಿನ ಮಂಚದ ಮೇಲೇ ಕಣ್ಣು ಮುಚ್ಚಿ ಕೂತೆ. ಸಂಧ್ಯಾವಂದನೆಯ ಮಂತ್ರ ತಾನಾಗಿ ಹೊರಟಿತು. ಒಂದಕ್ಷರ ತಪ್ಪಲಿಲ್ಲ. ಶಾರದೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಂತ್ರ ಮುಗಿಸಿ ನೀರು ಕೇಳಹೋದರೆ ‘ನೀ’ ಕೂಡ ಬರಲಿಲ್ಲ.

ಸ್ಪೀಚ್ ಥೆರಪಿಸ್ಟ್ ರಮ್ಯಾ ಎಂಬ ಹುಡುಗಿ. ನಮ್ಮ ಸಂಭ್ರಮ ನೋಡಿ ಎಚ್ಚರಿಸಿದಳು. “ಅಂಕಲ್, ಬಾಯಿಪಾಠ ಆಗಿರೋದು ಸುಲಭವಾಗಿ ಬರುತ್ತೆ. ಹುಡುಕಿ ಹೇಳೋ ಮಾತೇ ಕಷ್ಟ. ಮಂತ್ರ ಬಂತು ಅಂತ ಕೆಲಸಕ್ಕೆ ಹೊರಟ್ಬಿಡಬೇಡಿ.” ನಾವು ಕೇಳಬೇಕಲ್ಲ! ಮಂತ್ರ ಬಂದ ಮೇಲೆ ಪುರೋಹಿತನಿಗೆ ಇನ್ನೇನು ಬೇಕು ಎಂದುಕೊಂಡೆವು. ಶಾರದೆಯಂತೂ ಫೋನ್ ಮಾಡಿದವರಿಗೆಲ್ಲ ನಾನು ಹುಷಾರಾದೆ ಎಂದು ಹೇಳಿಬಿಟ್ಟಳು.

ಮೂರು ತಿಂಗಳಿಗೆ ಚನ್ನರಾಯಪಟ್ಟಣಕ್ಕೆ ಹೋದೆ. ರಿಟೈರಾದ ಮೇಷ್ಟ್ರು ರಾಮಚಂದ್ರಯ್ಯನವರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಇಪ್ಪತ್ತು ವರ್ಷದಿಂದ ಅವರ ಮನೆಗೆ ನಾನೇ ಪುರೋಹಿತ. ತೀರಿಕೊಂಡ ಅವರ ತಂದೆ ಕೃಷ್ಣಪ್ಪನವರ ಶ್ರಾದ್ಧವನ್ನೂ ವರ್ಷವರ್ಷ ನಾನೇ ಮಾಡಿಸುತ್ತಿದ್ದೆ. ಪೂಜೆಗೆ ಮೊದಲು ಸಂಕಲ್ಪ. ಯಾವ ದಿನ, ಯಾವ ಊರಿನಲ್ಲಿ, ಯಾರು ಪೂಜೆ ಮಾಡುತ್ತಿದ್ದಾರೆ ಎಂದು ದೇವರಿಗೆ ಹೇಳುವ ಮಾತು. ತಿಥಿ ವಾರಗಳನ್ನು ಹಿಂದಿನ ದಿನವೇ ಉರು ಹೊಡೆದಿದ್ದೆ. ಇಪ್ಪತ್ತು ವರ್ಷ ಕಂಡ ಮನುಷ್ಯನ ಹೆಸರನ್ನೂ ಉರು ಹೊಡೆಯಬೇಕು ಅಂತ ಯಾರಿಗೆ ಹೊಳೆಯುತ್ತದೆ?

ಕೃಷ್ಣಪ್ಪ ಅಂದೆ.

ಎದುರಿಗೆ ಕೂತ ಮಗನಿಗೆ ಸತ್ತ ಅಪ್ಪನ ಹೆಸರು. ತಿದ್ದಿಕೊಳ್ಳಲು ಹೋದೆ. ಮತ್ತೆ ಅದೇ ಬಂತು. ಮೂರನೆಯ ಸಲವೂ ಅದೇ. ಅವರ ಹೆಂಡತಿ “ಅಯ್ಯೋ ದೇವರೇ, ಬಿಡ್ತು ಅನ್ನಿ” ಎಂದು ಎದೆ ಹಿಡಿದುಕೊಂಡರು. ರಾಮಚಂದ್ರಯ್ಯನವರು ದೊಡ್ಡ ಮನುಷ್ಯರು. “ಇರಲಿ, ನನ್ನ ಹೆಸರು ನಾನೇ ಹೇಳ್ಕೋತೀನಿ” ಅಂದು ಪೂಜೆ ಮುಗಿಸಿಕೊಂಡರು. ಊಟಕ್ಕೆ ಬಡಿಸುವಾಗ ಯಾರೂ ನನ್ನ ಮುಖ ನೋಡಲಿಲ್ಲ.

ಮನೆಗೆ ಬಂದವನು ಬಾಯಿ ಹೊಲಿದುಕೊಂಡು ಕೂತುಬಿಟ್ಟೆ. ಕರೆಯಲು ಬಂದವರಿಗೆ ಒಳಗಿನಿಂದಲೇ ಕೈಯಾಡಿಸಿದೆ. ‘ಆಗಲ್ಲ’ ಎನ್ನುವ ಒಂದು ಮಾತು ಮಾತ್ರ ತಡೆಯಿಲ್ಲದೆ ಬರುತ್ತಿತ್ತು. ಹೆಸರನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ನೋಡಿ ಓದೋದು ನಿಮಗೆ ಬರ್ತಿದೆ ಎಂದು ಹಾಸನದಲ್ಲಿ ಥೆರಪಿಯ ಹೊತ್ತಿಗೆ ರಮ್ಯಾ ಹೇಳಿದಾಗ ಕುರ್ಚಿ ಬಿಟ್ಟು ಎದ್ದೆ. ನಮ್ಮ ಮನೆತನದಲ್ಲಿ ಪುಸ್ತಕ ಬಿಚ್ಚಿ ಪೂಜೆ ಮಾಡಿಸಿದವರಿಲ್ಲ. ಮೊಬೈಲ್ ನೋಡಿಕೊಂಡು ಮಂತ್ರ ಹೇಳುವ ಹೊಸಬರನ್ನು ಊರಿಡೀ ಆಡಿಕೊಂಡು ನಕ್ಕವನು ನಾನು. ಚೀಟಿ ಹಿಡಿದ ದಿನ ನಾನು ಪುರೋಹಿತನೇ ಅಲ್ಲ ಎಂದು ಗಟ್ಟಿಯಾಗಿ ನಂಬಿದ್ದೆ. ಸ್ಟ್ರೋಕು ಕಿತ್ತುಕೊಂಡದ್ದು ಹೆಸರುಗಳನ್ನು ಮಾತ್ರ. ಉಳಿದದ್ದನ್ನೆಲ್ಲ ಈ ಜಂಬವೇ ನುಂಗುತ್ತಿತ್ತು ಎಂದು ಈಗ ಅನ್ನಿಸುತ್ತದೆ.

“ಕನ್ನಡಕ ಹಾಕ್ಕೊಂಡಾಗ ಇಲ್ಲದ ಅವಮಾನ ಚೀಟೀಲೇನ್ರೀ ಬಂತು?” ಎಂದಳು ಶಾರದೆ.

ಪುರೋಹಿತರ ಮನೆಯಲ್ಲಿ ಲಗ್ನಪತ್ರಿಕೆಗೆ ಬರವೇ? ಅಟ್ಟದಿಂದ ಒಂದು ಕಟ್ಟು ಇಳಿಸಿದಳು. ಒಂದೊಂದರಲ್ಲೂ ವಧು, ವರ, ಅಜ್ಜ, ಸೋದರಮಾವ ಎಂದು ಹೆಸರುಗಳ ಸಂತೆ. ದಿನಾ ಬೆಳಿಗ್ಗೆ ಓದಿಸುತ್ತಿದ್ದಳು. ಆಮೇಲೆ ತಾನೇ ಯಜಮಾನನಾಗಿ ಮಣೆಯ ಮೇಲೆ ಕೂರುತ್ತಿದ್ದಳು. “ಇವತ್ತು ನಾನು ಬಸವೇಗೌಡ. ಬೇಗ ಸಂಕಲ್ಪ ಮಾಡ್ಸಿ ಸ್ವಾಮಿ, ಹಾಲು ಕರೆಯೋಕೆ ಹೊತ್ತಾಯ್ತು.” ಕಾಯಿಲೆ ಬಿದ್ದ ಮೇಲೆ ಮೊದಲ ಸಲ ನಕ್ಕದ್ದು ಅವತ್ತು. ಆದರೂ ಹೊಸ್ತಿಲು ದಾಟುವ ಧೈರ್ಯ ಬರಲಿಲ್ಲ.

ಒಂದು ದಿನ ಕೊಣನೂರಿನಿಂದ ಪುಟ್ಟೇಗೌಡರು ಬಂದರು. “ಐನೋರೆ, ಮೊಮ್ಮಗ್ಳಿಗೆ ಎಸ್ರಿಡ್ಬೇಕು. ನನ್ ಮಗಂಗೂ ನೀವೇ ಇಟ್ಟಿದ್ದು.”

“ಆಗಲ್ಲ” ಅಂದೆ. “ಹೆಸರು... ತಪ್ಪು” ಎಂದು ಬಾಯಿ ಮುಟ್ಟಿ ತೋರಿಸಿದೆ.

“ತಪ್ಪಾದ್ರೆ ಇನ್ನೊಂದ್ಸಲ ಏಳಿ. ಮಗು ಎಲ್ಲಿಗೋಯ್ತದೆ, ತೊಟ್ಲಲ್ಲೇ ಇರ್ತದೆ” ಅಂದರು ಗೌಡರು. ನಾನು ಉತ್ತರ ಹುಡುಕುವಷ್ಟರಲ್ಲಿ ಶಾರದೆ ಮಗುವಿನ ಹೆಸರು ಕೇಳಿ ಚೀಟಿಯಲ್ಲಿ ಬರೆದುಕೊಂಡಾಗಿತ್ತು.

ಕೊಣನೂರಿನಲ್ಲಿ ಕೂರುವ ಮುಂಚೆ, ರಮ್ಯಾ ಕಲಿಸಿದ್ದನ್ನು ಎಲ್ಲರಿಗೂ ಹೇಳಿದೆ. “ನನಗೆ ಸ್ಟ್ರೋಕ್ ಆಗಿದೆ. ಹೆಸರು ನಿಧಾನ. ಕಾಯಿರಿ.” ಮಂತ್ರವೆಲ್ಲ ಸರಾಗವಾಗಿ ಹೋಯಿತು. ಹೆಸರಿಡುವ ಗಳಿಗೆ ಬಂತು. ನಾನು ಮೊದಲು ಹೇಳಬೇಕು, ಆಮೇಲೆ ಸೋದರತ್ತೆ ಮಗುವಿನ ಕಿವಿಯಲ್ಲಿ ಉಸುರಬೇಕು. ಚೀಟಿ ಸೊಂಟದಲ್ಲಿತ್ತು. ಹಾಳು ಜಂಬ, ಅದಿಲ್ಲದೆಯೇ ಹೇಳಲು ಹೋದೆ.

ತಟ್ಟೆ ಅಂದೆ.

ಯಾರೋ ಹುಡುಗಿಯರು ಕಿಸಕ್ಕೆಂದರು. ಎದ್ದು ಬಸ್ ಸ್ಟ್ಯಾಂಡಿಗೆ ಹೋಗಿಬಿಡೋಣ ಅನ್ನಿಸಿತು. “ಸದ್ ಮಾಡ್ಬ್ಯಾಡ್ರಿ, ಐನೋರು ಏಳ್ತಾವ್ರೆ” ಎಂದು ಗೌಡರ ಹೆಂಡತಿ ಗದರಿದರು. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಅಷ್ಟು ಜನವೂ ನೋಡುತ್ತಿದ್ದರು. ಸೊಂಟದಿಂದ ಚೀಟಿ ತೆಗೆದೆ. ಕನ್ನಡಕ ಏರಿಸಿಕೊಂಡೆ.

ತ. ತನ್. ತನ್ವಿ.

ತನ್ವಿಕಾ.

ಸೋದರತ್ತೆ ಬಾಗಿ ಅದನ್ನೇ ಮಗುವಿನ ಕಿವಿಯಲ್ಲಿ ಹೇಳಿದಳು. ನನಗೆ ಅಳು ಬಂತು. ತುಂಬಿದ ಮನೆಯಲ್ಲಿ, ಐವತ್ತೆಂಟರ ಗಂಡಸು, ಉತ್ತರೀಯದಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ.

ಬಲಗೈ ಬೆರಳುಗಳು ಈಗಲೂ ಮರಗಟ್ಟುತ್ತವೆ. ಮಾತು ಪೂರ್ತಿ ಬರದೆಯೂ ಇರಬಹುದು ಎಂದು ರಮ್ಯಾ ಮುಚ್ಚುಮರೆಯಿಲ್ಲದೆ ಹೇಳಿದ್ದಾಳೆ. ಕೆಲವು ದಿನ ಬೆಳಗಿನಿಂದ ಸಂಜೆಯವರೆಗೆ ಒಂದು ಮಾತೂ ನೆಟ್ಟಗೆ ಬರುವುದಿಲ್ಲ. ಅಂಥ ದಿನ ಭಯವಾಗುತ್ತದೆ. ಆದರೂ ಕಾಯುವವರಿದ್ದಾರೆ, ಅದೇ ಪುಣ್ಯ.

ಅವತ್ತು ಕೊಣನೂರಿನಲ್ಲಿ ಊಟ ಮುಗಿಸಿ ಕೈ ತೊಳೆಯುತ್ತಿದ್ದಾಗ ಅರಕಲಗೂಡಿನಿಂದ ಬಂದಿದ್ದ ನೆಂಟರೊಬ್ಬರು ಹತ್ತಿರ ಬಂದರು. “ಐನೋರೆ, ಮುಂದಿನ್ ತಿಂಗ್ಳು ನಮ್ಮನೆ ಗೃಹಪ್ರವೇಶ. ನೀವ್ ಬಂದು ಮಾಡುಸ್ಕೊಡ್ತೀರಾ?”

ಬಾಯಿ ತೆರೆದೆ. ಅವರು ಕಾದರು.

“ಬರ್ತೀನಿ” ಅಂದೆ. ಚೀಲದಿಂದ ಪೆನ್ನು ತೆಗೆದು ಅವರ ಕೈಗಿಟ್ಟೆ. “ಹೆಸರು... ಬರೆದುಕೊಡಿ. ದಪ್ಪಕ್ಷರದಲ್ಲಿ.”