ದಾರಿಗೆ ಅಡ್ಡ ಇಟ್ಟ ಗೆಲ್ಲು

ಕಳೆದ ಭಾನುವಾರ ಕಾರ್ಕಳದ ಒಂದು ಸಭೆಯಲ್ಲಿ ನನ್ನ ಅಕ್ಕನ ಮಗಳನ್ನು ಹೊಗಳಿದೆ. ಗಂಟಲು ಕಟ್ಟುವಷ್ಟು ಹೊಗಳಿದೆ. ಅವಳು ಅಷ್ಟು ಹೊತ್ತೂ ತಲೆ ತಗ್ಗಿಸಿ ಕುಳಿತಿದ್ದಳು. ನಾಚಿಕೆ ಎಂದುಕೊಂಡೆ.

ನಾಚಿಕೆ ಅಲ್ಲ ಎಂದು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

ನಮ್ಮ ಕಡೆ ಸನ್ಮಾನದಿಂದ ತಪ್ಪಿಸಿಕೊಂಡವರು ಯಾರಿದ್ದಾರೆ ಹೇಳಿ? ಗಲ್ಫ್‌ನಿಂದ ಬಂದು ಮನೆ ಕಟ್ಟಿಸಿದವನಿಗೆ ಸನ್ಮಾನ. ಮಣಿಪಾಲದಲ್ಲಿ ಸೀಟು ಸಿಕ್ಕಿದವಳಿಗೆ ಸನ್ಮಾನ. ರಿಟೈರ್ ಆದವರಿಗಂತೂ ಎರಡೆರಡು. ಒಂದು ಶಾಲು, ಒಂದು ಹಣ್ಣಿನ ಬುಟ್ಟಿ, ಒಂದು ಗ್ರೂಪ್ ಫೋಟೋ. (ಬುಟ್ಟಿಯ ಅರ್ಧ ಬರೀ ಒಣಹುಲ್ಲು ಎಂಬುದು ಪಡೆದವರಿಗೆ ಮಾತ್ರ ಗೊತ್ತು.) ಹೀಗಿರುವಾಗ ಆಫ್ರಿಕಾದಲ್ಲಿ ಎರಡು ವರ್ಷ ಮಿಶನ್ ಕೆಲಸ ಮಾಡಿ ಬಂದ ಹುಡುಗಿಯನ್ನು ಸುಮ್ಮನೆ ಬಿಡುತ್ತಾರೆಯೇ?

ಹುಡುಗಿಯ ಹೆಸರು ಸ್ಟೆಲ್ಲಾ. ಊರು ಬೆಳ್ಮಣ್. ಸಿಸ್ಟರ್ ಅಲ್ಲ, ಸನ್ಯಾಸಿನಿಯರ ಮಠಕ್ಕೆ ಸೇರಿದವಳಲ್ಲ. ಟೀಚರ್ಸ್ ಟ್ರೈನಿಂಗ್ ಮುಗಿಸಿದ ಹುರುಪಿನಲ್ಲಿ ವಾಲಂಟಿಯರ್ ಆಗಿ ಟಾಂಜಾನಿಯಾಕ್ಕೆ ಹೋದವಳು. ಬಸ್ಸು ಕೊನೆಯಾಗುವ ಪೇಟೆಯಿಂದ ಮುಂದಕ್ಕೆ ಲಾರಿ, ಲಾರಿ ನಿಂತಲ್ಲಿಂದ ಗುಡ್ಡ ಹತ್ತುವ ಕಾಲುದಾರಿ. ಅಲ್ಲಿ ಒಂದು ಮಣ್ಣಿನ ಗೋಡೆಯ ಶಾಲೆ. ಯಾವಾಗಲೋ ಒಮ್ಮೆ ಬರುವ ಫಾದರ್. ಔಷಧಿ ಬೇಕೆಂದರೆ ಮತ್ತೆ ಅದೇ ಕಾಲುದಾರಿ, ಅದೇ ಲಾರಿ.

ಬೆಳ್ಮಣ್‌ನಿಂದ ಕಾರ್ಕಳದ ಬಸ್ಸು ಹತ್ತಿದಾಗ ಅವಳು ಕೇಳಿಕೊಂಡದ್ದು ಇಷ್ಟೇ. "ಮಾಮ, ಹೆಚ್ಚು ಹೊಗಳಬೇಡಿ. ನನಗೆ ಆ ಹೊರಡುವವರ ಹತ್ತಿರ ಸ್ವಲ್ಪ ಮಾತನಾಡಲಿಕ್ಕೆ ಉಂಟು."

ಹೊರಡುವವರು ಎಂದರೆ ಬರುವ ತಿಂಗಳು ಅವಳ ಹಾಗೆಯೇ ದೂರದೇಶದ ಹಳ್ಳಿಗಳಿಗೆ ಹೋಗಲಿರುವ ಮೂವರು ಎಳೆಯರು. ಅವರಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿದ್ದರು. ನಾನು "ಆಯಿತು ಬಾಯೆ" ಎಂದೆ. ವೇದಿಕೆ ಹತ್ತಿ ಹೊಗಳಿದೆ.

ಆಮೇಲೆ ಅವಳು ಎದ್ದಳು. (ಮಾತನಾಡಿದ್ದು ಕೊಂಕಣಿಯಲ್ಲಿ. ಕನ್ನಡಕ್ಕೆ ತಂದವನು ನಾನು. ಸೇರಿಸಿದ್ದು ಏನೂ ಇಲ್ಲ.)

"ಆ ಊರಿನಲ್ಲಿ ಮಕ್ಕಳಿಗೆ ದಡಾರ ಬಂದರೆ ಮನೆಯ ದಾರಿಗೆ ಅಡ್ಡ ಮರದಿಂದ ಮುರಿದ ಒಂದು ಹಸಿ ಗೆಲ್ಲು ಇಡುತ್ತಾರೆ. ಗೆಲ್ಲು ಕಂಡರೆ ಯಾರೂ ಒಳಗೆ ಹೋಗುವುದಿಲ್ಲ. ಊಟ ಸಹ ಗೆಲ್ಲಿನ ಈಚೆಯೇ ಇಟ್ಟು ಬರುತ್ತಾರೆ. ನನಗೆ ಬೇಸರವಾಯಿತು. ಕಾಯಿಲೆಯವರನ್ನು ಹೀಗೆ ಒಂಟಿ ಬಿಡುವುದು ಉಂಟಾ? ನಮ್ಮಲ್ಲಿ ಯಾರಿಗಾದರೂ ಕಾಯಿಲೆ ಜೋರಾದರೆ ಚರ್ಚಿನ ವಾರ್ಡಿನ ಹಿರಿಯರು, ಗುರ್ಕಾರರು, ಹೇಳಿ ಕಳುಹಿಸುತ್ತಾರೆ. ಎಲ್ಲರೂ ಬಂದು ಮಂಚದ ಸುತ್ತ ಮೊಣಕಾಲೂರಿ ಜಪಮಾಲೆ ಹಿಡಿದು ತೇರ್ಸ್ ಪ್ರಾರ್ಥನೆ ಹೇಳುತ್ತಾರೆ. ನಾನೂ ಹಾಗೆಯೇ ಮಾಡಿದೆ. ಮೂಢನಂಬಿಕೆ ಅಂತ ಹೇಳಿ ಗೆಲ್ಲು ತೆಗೆದು ಬದಿಗೆ ಬಿಸಾಡಿದೆ. ಶಾಲೆಯ ಮಕ್ಕಳನ್ನೆಲ್ಲ ಒಳಗೆ ಕರೆದುಕೊಂಡು ಹೋದೆ. ಮಕ್ಕಳ ಪ್ರಾರ್ಥನೆ ದೇವರು ಬೇಗ ಕೇಳುತ್ತಾನೆ ಅಂತ ನಮಗೆ ಕಲಿಸಿದ್ದಲ್ವಾ?"

ಕಲಿಸಿದ್ದು ಯಾರು? ಬೆಳ್ಮಣ್‌ನ ಭಾನುವಾರದ ಧರ್ಮಶಿಕ್ಷಣದ ತರಗತಿಯಲ್ಲಿ, ನಾನೇ.

"ಆ ಮಗು ಗುಣವಾಯಿತು."

ಸಭೆ ಚಪ್ಪಾಳೆ ಹೊಡೆಯಿತು. ಹಿಂದೆ ಯಾರೋ ದೇವರಿಗೆ ಸ್ತೋತ್ರ ಎಂದರು. ಇಂಥ ಮಾತಿಗಾಗಿಯೇ ಅಲ್ಲವೇ ಎಲ್ಲರೂ ಕಾದು ಕುಳಿತದ್ದು? ಸ್ಟೆಲ್ಲಾ ಕೈ ಎತ್ತಿದಳು. ಚಪ್ಪಾಳೆ ನಿಲ್ಲಲು ಸ್ವಲ್ಪ ಹೊತ್ತು ಹಿಡಿಯಿತು.

"ಪ್ರಾರ್ಥನೆಗೆ ಬಂದ ಮಕ್ಕಳು ಒಬ್ಬೊಬ್ಬರೇ ದಡಾರ ಬಂದು ಮಲಗಿದರು. ನಾನು ಮದ್ದಿಗೆ ಹೇಳಿ ಕಳುಹಿಸಿದೆ, ಲಾರಿ ಬರಲಿಲ್ಲ. ತೀರಿಹೋದ ಮಕ್ಕಳ ಹೆಸರು ಹೇಳುತ್ತೇನೆ. ನೀವು ಮೂವರು ಸರಿಯಾಗಿ ಕೇಳಬೇಕು. ನೀಮಾ. ಬರಾಕಾ. ಯೋಸೆಫು..."

ಮೈಕ್ ಅಲ್ಲಿಗೆ ಅವಳ ಕೈಯಿಂದ ಹೋಯಿತು.

ತೆಗೆದುಕೊಂಡವರು ಸಭೆ ಏರ್ಪಡಿಸಿದ ಸಂಘದ ಕಾರ್ಯದರ್ಶಿ ಫೆಲಿಕ್ಸ್, ನಮಗೆಲ್ಲ ಗೌರವದ ಫೆಲಿಕ್ಸ್ ಬಾಬ್. ಒಳ್ಳೆಯ ಮನುಷ್ಯ, ಸುಳ್ಳು ಹೇಳಬಾರದು. ಕಣ್ಣಲ್ಲಿ ನೀರು ಸಹ ಇತ್ತು. "ಎಷ್ಟು ದೊಡ್ಡ ಮನಸ್ಸು ನೋಡಿ! ಇಷ್ಟೆಲ್ಲ ಸೇವೆ ಮಾಡಿ ತಪ್ಪು ತನ್ನದು ಅನ್ನುತ್ತಾಳಲ್ಲ! ಇದಕ್ಕೇ ವಿನಯ ಅಂತ ಹೇಳುವುದು" ಎಂದರು. ಮತ್ತೆ ಚಪ್ಪಾಳೆ, ಮೊದಲಿಗಿಂತ ಜೋರು. ಶಾಲು ಬಂತು. ಬುಟ್ಟಿ ಬಂತು. ಫೋಟೋಗ್ರಾಫರ್ ಸ್ವಲ್ಪ ನಗಿ ಎಂದ.

ನಾನು ಏನು ಮಾಡಿದೆ? ಬುಟ್ಟಿಯ ಒಂದು ಬದಿ ಹಿಡಿದು ನಿಂತೆ.

ಊಟದ ಹೊತ್ತಿಗೆ ಹೊರಡುವ ಮೂವರಲ್ಲಿ ಒಬ್ಬ ತಟ್ಟೆ ಹಿಡಿದು ಅವಳ ಹತ್ತಿರ ಬಂದ. ನನಗೆ ಸಮಾಧಾನವಾಯಿತು. ಒಬ್ಬನಾದರೂ ಕೇಳಿಸಿಕೊಂಡಿದ್ದಾನೆ ಎಂದುಕೊಂಡೆ.

"ಅಕ್ಕ, ಅಲ್ಲಿ ಹೋದ ಕೂಡಲೇ ಮೊದಲು ಎಂತ ಮಾಡಬೇಕು?"

"ಮೊದಲ ವರ್ಷ ಎಂತದೂ ಮಾಡಬೇಡ ಮಾರಾಯ. ಬರೀ ನೋಡು."

ಅವನು ನಕ್ಕ. ತಮಾಷೆ ಎಂದು ತಿಳಿದ. "ಚಳಿ ಉಂಟಾ ಅಕ್ಕ, ಸ್ವೆಟರ್ ಬೇಕಾ?" ಎಂದು ಕೇಳಿದ. ಬೇಕು ಎಂದಳು. ಇನ್ನೇನು ಹೇಳುತ್ತಾಳೆ?

ಬೆಳ್ಮಣ್‌ನಲ್ಲಿ ನಮ್ಮ ಅಕ್ಕನ ಪಕ್ಕದ ಮನೆ ಗಿರಿಜಕ್ಕನದು. ಸ್ಟೆಲ್ಲಾ ಸಣ್ಣವಳಿದ್ದಾಗ ಅವರ ಮಗನಿಗೆ ದಡಾರ ಬಂದು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದ್ದರು. ಆಡಲು ಹೋದ ಸ್ಟೆಲ್ಲಾಳನ್ನು ಅಂಗಳದಿಂದಲೇ ವಾಪಸ್ ಕಳುಹಿಸಿದ್ದರು. ಅಳುತ್ತಾ ಬಂದ ಮಗುವಿಗೆ ನಾವು ಹೇಳಿದ್ದು, "ಅದು ಅವರ ನಂಬಿಕೆ, ನಮಗೆ ಹಾಗೆಲ್ಲ ಇಲ್ಲ." ಅಷ್ಟೇ. ಕೆಟ್ಟದ್ದೇನೂ ಹೇಳಲಿಲ್ಲ. ಅವಳೂ ಅಲ್ಲಿ ಕೆಟ್ಟದ್ದೇನೂ ಮಾಡಲು ಹೋಗಿರಲಿಲ್ಲ. ಮಂಚದ ಸುತ್ತ ಮೊಣಕಾಲೂರುವುದು ಪ್ರೀತಿಯಲ್ಲದೆ ಮತ್ತೇನು? ನಮ್ಮ ಪ್ರೀತಿಯೂ ಹೀಗೆ ಮನೆ ಹಾಳು ಮಾಡಬಹುದೆಂದು ನನಗೆ ಯಾರೂ ಕಲಿಸಿರಲಿಲ್ಲ. ನಾನೂ ಯಾರಿಗೂ ಕಲಿಸಲಿಲ್ಲ.

ವಾಪಸ್ ಬಸ್ಸಿನಲ್ಲಿ ಬುಟ್ಟಿ ನಮ್ಮಿಬ್ಬರ ಮಧ್ಯೆ. ನಿಟ್ಟೆ ದಾಟಿದ ಮೇಲೆ ನಾನು ಬಾಯಿ ಬಿಟ್ಟೆ. "ಉಳಿದ ಮಕ್ಕಳ ಹೆಸರು ಹೇಳು ಬಾಯೆ. ನಾನು ಕೇಳುತ್ತೇನೆ."

"ನಿಮಗೆ ಹೇಳಿ ಎಂತ ಪ್ರಯೋಜನ ಮಾಮ? ಹೋಗುವವರು ನೀವಲ್ಲವಲ್ಲ."

ಕಿಟಕಿಯ ಕಡೆ ತಿರುಗಿದಳು. ಆಮೇಲೆ ಹೇಳಿದಳು. "ಆ ಊರಿನವರು ನನಗೆ ಒಂದು ಮಾತು ಬೈಯಲಿಲ್ಲ. ಹೊರಡುವ ಮೊದಲು ಒಂದು ದಿನ ಬೆಳಿಗ್ಗೆ ಎದ್ದು ನೋಡುತ್ತೇನೆ, ನನ್ನ ಮನೆಯ ದಾರಿಗೂ ಅಡ್ಡ ಗೆಲ್ಲು ಇಟ್ಟಿದ್ದರು. ನನಗೆ ಜ್ವರ ಇರಲಿಲ್ಲ ಮಾಮ."

ಕಂಡಕ್ಟರ್ ಬೆಳ್ಮಣ್ ಬೆಳ್ಮಣ್ ಎಂದು ಕೂಗಿದ. ನಾನು ಬುಟ್ಟಿ ಎತ್ತಿಕೊಂಡು ಅವಳ ಹಿಂದೆ ಇಳಿದೆ.

ಮೊನ್ನೆ ಬುಧವಾರ ಫೆಲಿಕ್ಸ್ ಬಾಬ್ ಈಗ ನಾನಿರುವ ಉಡುಪಿಯ ಮನೆಗೇ ಬಂದರು. ಸಭೆ ಭಾರೀ ಸಕ್ಸೆಸ್ ಅಂತೆ. ಕಾಪುವಿನವರಿಗೂ ಅವಳ ಭಾಷಣ ಬೇಕಂತೆ, ಅಲ್ಲಿಂದಲೂ ಇಬ್ಬರು ಎಳೆಯರು ಹೊರಡುತ್ತಾರಂತೆ. ಚಹಾ ಕುಡಿದು, ಚಪ್ಪಲಿ ಮೆಟ್ಟುತ್ತಾ, ಮೆಲ್ಲಗೆ ಹೇಳಿದರು. "ಆ ಮಕ್ಕಳ ವಿಷಯ ಮಾತ್ರ ಬೇಡ ಅಂತ ನೀವೇ ಸ್ವಲ್ಪ ಹೇಳಿಬಿಡಿ. ಹೊರಡುವವರು ಹೆದರುತ್ತಾರೆ ಅಲ್ವಾ?"

ಸರಿ ಫೆಲಿಕ್ಸ್ ಬಾಬ್, ಹಾಗಾದರೆ ಯೋಸೆಫುವಿನ ನಂತರದ ಹೆಸರುಗಳನ್ನು ಅವಳು ಯಾರ ಮುಂದೆ ಹೇಳಬೇಕು?