ಅಕ್ಕಡಿ ಸಾಲಿನ ಚೌಕಗಳು

ಆ ವರ್ಷ ಹುಚ್ಚೆಳ್ಳು ಹೂ ಬಿಟ್ಟಷ್ಟು ದಿನವೂ ನಾನು ಶನಿವಾರ ತರಗತಿ ಮುಗಿಸಿ, ಹೊಸೂರಿನಲ್ಲಿ ತಳಿ ಎಂಬ ಊರಿನ ಕಡೆಯ ಬಸ್ಸು ಹತ್ತಿ ಅತ್ತೆಯ ಹೊಲಕ್ಕೆ ಹೋಗುತ್ತಿದ್ದೆ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತಲೇ ಪಿಎಚ್‌ಡಿಗೆ ಸೇರಿಕೊಂಡಿದ್ದೆ. ಯಾವ ಹುಳ ಯಾವ ಹೂವಿಗೆ ಬರುತ್ತದೆ ಎಂದು ಬರೆದುಕೊಳ್ಳುವುದು ನನ್ನ ಕೆಲಸ. ರಾಗಿಯ ನಡುವಿನ ಅಕ್ಕಡಿ ಸಾಲುಗಳಲ್ಲಿ ಅವರೆ, ಸಾಸಿವೆ, ಹುಚ್ಚೆಳ್ಳು. ಬದುವಿನ ಮೇಲೆ ತುಂಬೆ ಮತ್ತು ಹೆಸರು ಗೊತ್ತಿಲ್ಲದ ಹತ್ತಾರು ಕಳೆ.

ಹುಳಗಳನ್ನು ಗುರುತಿಸುವುದರಲ್ಲಿ ಅತ್ತೆ ನನಗಿಂತ ಚುರುಕು. "ಅದು ತುಡುವೆ ಜೇನಲ್ಲ ಕಣಮ್ಮಿ, ಕಡ್ಡಿಜೇನು. ಸೊಂಟ ನೋಡು, ಎಷ್ಟು ಕೆಂಪಗದೆ!" ಎನ್ನುವರು. ನಾನು ಹೊಡೆದುಹಾಕಿ ಮತ್ತೆ ಬರೆಯುವೆ.

ಕೊನೆಗೆ ಒಂದು ದೊಡ್ಡ ಹಾಳೆಯ ಎಡಕ್ಕೆ ಹುಳಗಳು, ಬಲಕ್ಕೆ ಹೂಗಳು, ನಡುವೆ ಗೆರೆಗಳನ್ನು ಎಳೆದೆ. ಹೊಲವಿಡೀ ಒಂದು ಬಲೆಯಂತೆ ಕಂಡಿತು. ಆ ಬಲೆಯಲ್ಲಿ ಒಂದು ಆಕಾರ ಮತ್ತೆ ಮತ್ತೆ ಬರುತ್ತಿತ್ತು: ಎರಡು ಹುಳ, ಎರಡು ಹೂವು, ಎರಡೂ ಹುಳ ಎರಡೂ ಹೂವಿಗೆ ಹೋಗುತ್ತವೆ. ನಾಲ್ಕು ಗೆರೆ ಸೇರಿ ಒಂದು ಚೌಕ. ಎಣಿಸಿದಷ್ಟೂ ಸಿಗುತ್ತಿದ್ದವು.

ಇಷ್ಟೊಂದು ಚೌಕ ಆಕಸ್ಮಿಕವಾಗಿ ಬಂದವೋ, ಹೊಲದ ಗುಟ್ಟೋ? ಅವಲಪಲ್ಲಿಯ ನನ್ನ ಮನೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು, ಅಷ್ಟೇ ಗೆರೆಗಳನ್ನು ಹುಳ–ಹೂಗಳ ನಡುವೆ ಮನಬಂದಂತೆ ಚೆಲ್ಲಿ, ಚೌಕ ಎಣಿಸುವ ಲೆಕ್ಕದ ಪ್ರೋಗ್ರಾಮ್ ಬರೆದೆ. ಹಾಗೆ ಸಾವಿರ ಸುಳ್ಳು ಹೊಲಗಳಾದವು. ಯಾವುದರಲ್ಲೂ ನಿಜದ ಹೊಲದ ಕಾಲು ಭಾಗ ಚೌಕವೂ ಇರಲಿಲ್ಲ! ಕುರ್ಚಿಯಿಂದ ಎದ್ದು ಕೋಣೆಯಲ್ಲೇ ಎರಡು ಸುತ್ತು ಹಾಕಿದೆ. ಮರುದಿನವೇ ಹಾಳೆ ಸುತ್ತಿಕೊಂಡು ಅತ್ತೆಯ ಹತ್ತಿರ ಓಡಿದೆ.

ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ನಾನು ಹೇಳಿದ್ದನ್ನೆಲ್ಲ ಕೇಳಿ, ಹಾಳೆಯನ್ನು ತಮ್ಮ ಕಡೆ ತಿರುಗಿಸಿಕೊಂಡರು.

"ತುಡುವೆ ಯಾವ ಹೂವನ್ನ ಬುಟ್ಟದೆ?"

"ಬಹಳ ಕಮ್ಮಿ, ಅತ್ತೆ."

"ಹುಚ್ಚೆಳ್ಳಿಗೆ ಬರ್ದೇ ಇರೋ ಹುಳ ಯಾವುದದೆ? ಅಂತಾವು ನಾಕು ಇದ್ಮೇಲೆ ನಿನ್ನ ಚೌಕ ತಾನಾಗೇ ಆಯ್ತದಲ್ಲ. ಅದ್ರಾಗೇನು ಇಸೇಸ?"

ನನ್ನ ಸುಳ್ಳು ಹೊಲಗಳಲ್ಲಿ ತುಡುವೆಗೂ ಬೇರೆ ಹುಳಗಳಷ್ಟೇ ನಾಲ್ಕೈದು ಹೂವು ಸಿಕ್ಕಿದ್ದವು. ಅಂಥ ತುಡುವೆ ಎಲ್ಲಿಯೂ ಇಲ್ಲ. ನಾನು ಹೋಲಿಸಿದ್ದೇ ತಪ್ಪು ಹೊಲಗಳ ಜೊತೆ. ಒಂದು ಕ್ಷಣ ಅಳು ಬರುವಂತಾಯಿತು, ಮರುಕ್ಷಣವೇ ಏನು ಮಾಡಬೇಕೆಂದು ಹೊಳೆಯಿತು.

"ಅತ್ತೆ, ಗೆರೆಗಳನ್ನ ಚೆಲ್ಲಬಾರದು, ಅದಲುಬದಲು ಮಾಡಬೇಕು!"

ಸೀಮೆಸುಣ್ಣದಲ್ಲಿ ಜಗಲಿಯ ಮೇಲೆ ಗೀಚಿ ತೋರಿಸಿದೆ. ಕಡ್ಡಿಜೇನು ತುಂಬೆಗೆ, ಚಿಟ್ಟೆ ಸಾಸಿವೆಗೆ ಹೋಗುತ್ತಿದ್ದರೆ, ಕಡ್ಡಿಜೇನನ್ನು ಸಾಸಿವೆಗೂ ಚಿಟ್ಟೆಯನ್ನು ತುಂಬೆಗೂ ಕಳಿಸುವುದು. ಆ ಗೆರೆ ಮೊದಲೇ ಇದ್ದರೆ ಬೇರೆ ಜೋಡಿ ಹುಡುಕುವುದು. ಹೀಗೆ ಮಾಡಿದರೆ ಬಲೆ ಪೂರ್ತಿ ಕಲಸಿಹೋಗುತ್ತದೆ, ಆದರೆ ಯಾರ ಗೆರೆಗಳ ಎಣಿಕೆಯೂ ಹೆಚ್ಚುಕಮ್ಮಿ ಆಗುವುದಿಲ್ಲ.

"ಹಂಗಾದ್ರೆ ತುಡುವೆ ತುಡುವೇನೇ ಆಗಿರ್ತದೆ," ಎಂದರು ಅತ್ತೆ. ಕೈಯಲ್ಲಿದ್ದ ಕಾಯಿ ಮೊರಕ್ಕೆ ಹಾಕಿ, "ಈಗ ಸರೋಯ್ತು. ಮಾಡ್ಬುಟ್ಟು ಹೇಳು."

ಲೆಕ್ಕವನ್ನು ಹೊಸದಾಗಿ ಬರೆಯಲು ವಾರ ಹಿಡಿಯಿತು. ಒಂದು ಬೆಳಿಗ್ಗೆ ಒಲೆಯ ಮೇಲೆ ಸಾರು ಇಟ್ಟು, ಲೆಕ್ಕವನ್ನು ಓಡಿಸಿದೆ. ಈ ಸಲ ಸುಳ್ಳು ಹೊಲಗಳಲ್ಲೂ ಚೌಕಗಳು ತುಂಬಿಕೊಂಡವು. ನನ್ನ ಹೊಲದ ಸಂಖ್ಯೆಗೆ ತೀರಾ ಹತ್ತಿರ ಬಂದವೂ ಇದ್ದವು. ಮೊದಲು ಕಂಡ ಭಾರೀ ಅಂತರ ಕರಗಿಹೋಗಿತ್ತು. ಆದರೆ ಸಾವಿರವೂ ಮುಗಿದಾಗ ಒಂದೂ ನನ್ನ ಹೊಲವನ್ನು ಮುಟ್ಟಿರಲಿಲ್ಲ. ಒಂದೂ! ಅಂತರ ಸಣ್ಣದು, ಆದರೆ ನಿಜದ್ದು. ಸಾರು ಉಕ್ಕಿ ಒಲೆ ಆರಿದ್ದು ಆಮೇಲೆ ಗೊತ್ತಾಯಿತು.

ಅತ್ತೆಗೆ ಫೋನ್ ಮಾಡಿ ಕೂಗಿಯೇ ಹೇಳಿದೆ.

"ಸರಿ, ಆ ಹೆಚ್ಚಿಗೆ ಚೌಕ ಎಲ್ಲಿಂದ ಬಂದ್ವು?" ಎಂದರು.

ಅದನ್ನು ನಾನು ನೋಡಿರಲೇ ಇಲ್ಲ. ಫೋನ್ ಕಿವಿಗೆ ಒತ್ತಿಕೊಂಡೇ ಹುಡುಕಿದೆ. ಬಹುಪಾಲು ಕಡ್ಡಿಜೇನು ಮತ್ತು ನಸರಿ ಜೇನಿನವು. ಸಣ್ಣ ಜೇನುಗಳೆರಡೂ ಅಕ್ಕಡಿ ಸಾಲಿನ ಹೂವಿಗೂ ಬದುವಿನ ತುಂಬೆಗೂ ಒಟ್ಟೊಟ್ಟಿಗೆ ಗೆರೆ ಎಳೆದಿದ್ದವು.

"ಬದದ ತುಂಬೇನಾ? ಅಯ್ಯೋ, ನಾಳೆ ಬದ ಕೆತ್ತೋಕೆ ಆಳ್ಗೆ ಹೇಳಿದ್ನಲ್ಲಮ್ಮಿ! ತಡಿ, ಬ್ಯಾಡ ಅಂತ ಹೇಳ್ಬತ್ತೀನಿ," ಎಂದು ಫೋನ್ ಇಟ್ಟೇಬಿಟ್ಟರು.

ನನ್ನ ಗೈಡ್ ಲೆಕ್ಕವನ್ನು ಎರಡು ಸಲ ಪರೀಕ್ಷಿಸಿ ಒಪ್ಪಿದರು, ಆದರೆ ಒಂದೇ ಹೊಲ ಸಾಲದು, ಇನ್ನೊಂದು ಹೊಲದಲ್ಲೂ ನೋಡಬೇಕು ಎಂದರು. ಮುಂದಿನ ಶನಿವಾರ ನಾನು ಬಸ್ಸಿಳಿದಾಗ ಅತ್ತೆ ಪಕ್ಕದ ಹೊಲದವರನ್ನು ಆಗಲೇ ಒಪ್ಪಿಸಿ, ತಲೆಗೆ ಟವಲ್ ಸುತ್ತಿಕೊಂಡು ರಸ್ತೆಯಲ್ಲೇ ಕಾಯುತ್ತಿದ್ದರು.

"ಬಿರಬಿರ್ನೆ ಬಾ, ಹೊತ್ತು ಮುಳ್ಗೋದ್ರೊಳ್ಗೆ ಸಾಸಿವೆ ಕಡೆ ನೋಡ್ಬುಡಾನ," ಎಂದು ನನ್ನ ಕೈಯಿಂದ ಪುಸ್ತಕ ಕಿತ್ತುಕೊಂಡು ಮುಂದೆ ನಡೆದರು.